ತುಕ್ಕು ವಯಸ್ಸು ಹೇಳುವುದಿಲ್ಲ

ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಗೆ ಘರ್ಷಣೆಯ ಪಾಠ. ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ ಶೆಡ್ಡಿಗೆ ಮಕ್ಕಳನ್ನು ಕರೆದೊಯ್ದಿದ್ದೆ. ಪಲ್ಪರ್ ರಿಪೇರಿಗೆ ಬಳಸುವ ಹಳೆಯ ವೈಸ್ ತೋರಿಸಿ, "ಇದು ಬ್ರಿಟಿಷರ ಕಾಲದ್ದು" ಎಂದೆ.

"ಹೇಗೆ ಗೊತ್ತು ಮಿಸ್?" ಎಂದಳು ಒಬ್ಬಳು.

ತುಕ್ಕು ತೋರಿಸಿದೆ. "ನಮ್ಮನೆ ಹೊಸ ಕತ್ತಿಗೂ ಒಂದೇ ಮಳೆಗಾಲಕ್ಕೆ ಹೀಗೇ ಹಿಡಿದಿದೆ" ಎಂದಳು. ಕೊಡಗಿನ ಮಳೆ ಕಂಡವರು ಇದಕ್ಕೆ ಎದುರಾಡಲಾರರು.

ವೀಕ್ಷಣೆಗೆ ಬಂದಿದ್ದವರು 'ವಿಷಯಾಂತರ' ಎಂದು ಬರೆದರು. ನಾನು ಒಪ್ಪುವುದಿಲ್ಲ. ಮಕ್ಕಳು ವೈಸನ್ನು ನಿಜವಾಗಿ ನೋಡತೊಡಗಿದ್ದೇ ಆಮೇಲೆ. ಒಂದು ಕಾಲು ನೆಲದವರೆಗೆ ಇಳಿದಿತ್ತು: ಕಮ್ಮಾರರ ಲೆಗ್ ವೈಸ್. ಸುತ್ತಿಗೆಯ ಪೆಟ್ಟು ನೆಲಕ್ಕೆ ಇಳಿಯಲೆಂದೇ ಆ ಕಾಲು. ದವಡೆ ಕೆಳಗಿನ ಕೀಲಿನ ಮೇಲೆ ತಿರುಗುವುದರಿಂದ, ಅಗಲಿಸಿದಷ್ಟೂ ಸಮಾಂತರ ತಪ್ಪುತ್ತದೆ. ಈ ವಿನ್ಯಾಸ ಶತಮಾನಗಳಷ್ಟು ಹಳೆಯದು, ಇಂದಿಗೂ ತಯಾರಾಗುತ್ತಿದೆ. ಆಕಾರವೊಂದರಿಂದಲೇ ಕಾಲ ಹೇಳಲಾಗದು. ತಯಾರಕರ ಹೆಸರಂತೂ ಕಾಣಲಿಲ್ಲ.

ಹತ್ತು ತ್ರೆಡ್ ಅಳೆದರೆ 60 ಮಿ.ಮೀ., ಹ್ಯಾಂಡಲ್ಲಿನ ತುದಿ ನಡುವಿನಿಂದ 150 ಮಿ.ಮೀ. ಕೈ ಒಂದು ಸುತ್ತಿಗೆ ಸುಮಾರು 942 ಮಿ.ಮೀ. ಸಾಗಿದರೆ ಸ್ಕ್ರೂ ಸಾಗುವುದು 6 ಮಾತ್ರ. ಲೆಕ್ಕದಲ್ಲಿ ಬಲ 157 ಪಟ್ಟು. ಘರ್ಷಣೆ ಅದರ ಬಹುಪಾಲನ್ನು ನುಂಗುತ್ತದೆ. ಕೈಬಿಟ್ಟರೂ ಹಿಡಿತ ಸಡಿಲದಂತೆ ಕಾಯುವುದೂ ಅದೇ ಘರ್ಷಣೆ. ಇದು ವಿಷಯಾಂತರವೇ?

ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆಯ ಅಕ್ಷರಕ್ಕೆ ಅಂಕವಿದೆ. 'ಹೇಗೆ ಗೊತ್ತು' ಎಂಬ ಪ್ರಶ್ನೆಯನ್ನು ತರಗತಿ ಹೇಗೆ ಬೆನ್ನಟ್ಟಿತು ಎಂಬುದಕ್ಕೂ ಒಂದು ಕಾಲಂ ಇರಲಿ.

ವೈಸ್‌ಗೆ ಬಣ್ಣ ಬಳಿಸುತ್ತಾರಂತೆ. ಅದಕ್ಕೂ ಮೊದಲು ತಂತಿ ಬ್ರಷ್‌ನಿಂದ ಉಜ್ಜಿ ಅಕ್ಷರ ಹುಡುಕಲು ತೋಟದ ರೈಟರ್ ಶನಿವಾರ ಬರಹೇಳಿದ್ದಾರೆ.