ಥೇಮ್ಸ್ ತಾಯಿಯೂ ನಮ್ಮ ಪಂಡಿತರೂ

ನಮ್ಮ ಓದುಗರ ಕೂಟದಲ್ಲಿ ಯಾವ ಪುಸ್ತಕದ ಮೇಲೆ ಮಾತನಾಡುತ್ತೀರಿ ಎಂದು ಕಳೆದ ತಿಂಗಳು ನನ್ನನ್ನು ಕೇಳಿದರು. ನಾನು ಬೆನ್ ಆರೊನೊವಿಚ್ ಎಂಬ ಇಂಗ್ಲಿಷ್ ಕಾದಂಬರಿಕಾರನ ಹೆಸರು ಹೇಳಿ, ಕೈಚೀಲದಲ್ಲಿದ್ದ ಪುಸ್ತಕವನ್ನೂ ಮೇಜಿನ ಮೇಲಿಟ್ಟೆ. ಕೂಟದ ಹಿರಿಯರೊಬ್ಬರು, ಹಳಗನ್ನಡದಲ್ಲಿ ಗಟ್ಟಿಗರು, ಅದರ ಹಿಂಬದಿಯ ನಾಲ್ಕು ಸಾಲು ಓದಿ ಗಟ್ಟಿಯಾಗಿ ನಕ್ಕರು. “ಏನ್ರೀ ಮೇಷ್ಟ್ರೆ, ಪೊಲೀಸಿನವನೊಬ್ಬ ದೆವ್ವದ ಹೇಳಿಕೆ ಬರಕೊಳ್ಳೋ ಪುಸ್ತಕವನ್ನೂ ಸಾಹಿತ್ಯ ಅಂತ ತರ್ತೀರಲ್ಲ! ಇದು ರೈಲ್ವೆ ಸ್ಟೇಷನ್ನಿನ ಸರಕು. ಗಂಭೀರವಾದದ್ದು ಏನಾದರೂ ಹೇಳಿ” ಎಂದರು. ಉಳಿದವರೂ ನಕ್ಕರು. ನಾನೂ ಪೆಚ್ಚಾಗಿ ನಕ್ಕು, ಬೇರೊಂದು ಹೆಸರು ಹೇಳಿ ತಪ್ಪಿಸಿಕೊಂಡೆ. ಹಾಗೆ ತಪ್ಪಿಸಿಕೊಂಡು ಬಂದದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. ಅಂದು ಆಡಬೇಕಾಗಿದ್ದ ಮಾತನ್ನು ಇಲ್ಲಿ ಆಡುತ್ತೇನೆ.

ಮೊದಲು ಆ ನಗೆಯನ್ನೇ ಕೊಂಚ ವಿಚಾರಿಸೋಣ. ಈ ಹಿರಿಯರು ಎಷ್ಟೋ ವರ್ಷಗಳಿಂದ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನು ಪಾಠ ಹೇಳುತ್ತಿದ್ದಾರೆ, ಬಹಳ ಚೆನ್ನಾಗಿಯೂ ಹೇಳುತ್ತಾರೆ. ಅಲ್ಲಿ ಗಿಳಿಯೊಂದು ರಾಜಸಭೆಗೆ ಬಂದು ತನ್ನ ವೃತ್ತಾಂತವನ್ನು ಹೇಳಿಕೊಳ್ಳುತ್ತದೆ. ಚಂದ್ರನೇ ಮನುಷ್ಯನಾಗಿ ಹುಟ್ಟಿ ಬರುತ್ತಾನೆ. ‘ವಡ್ಡಾರಾಧನೆ’ಯ ಕಥೆಗಳಲ್ಲಿ ಹಿಂದಿನ ಜನ್ಮದ ಹಗೆ ಮುಂದಿನ ಜನ್ಮದಲ್ಲಿ ಮೃಗರೂಪ ತಾಳಿ ಬಂದು ಕಚ್ಚುತ್ತದೆ. ಇವನ್ನೆಲ್ಲ ಓದುವಾಗ ನಮಗೆ ನಗು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಗಿಳಿ ಕಥೆ ಹೇಳಿದರೆ ಎಂ.ಎ. ಪಠ್ಯ, ದೆವ್ವ ಸಾಕ್ಷಿ ಹೇಳಿದರೆ ರೈಲ್ವೆ ಸ್ಟೇಷನ್ನಿನ ಸರಕು! ಇದು ಯಾವ ಮೀಮಾಂಸೆಯ ನ್ಯಾಯವೆಂದು ನನಗೆ ತಿಳಿಯದು. ಸಾವಿರ ವರ್ಷ ಹಳೆಯದಾದರೆ ಅದ್ಭುತ ರಸ, ನಿನ್ನೆ ಅಚ್ಚಾದರೆ ಅಡಗೂಲಜ್ಜಿಯ ಕಥೆ ಎನ್ನುವುದಾದರೆ, ನಾವು ಅಳೆಯುತ್ತಿರುವುದು ಸಾಹಿತ್ಯವನ್ನಲ್ಲ, ಕಾಗದದ ವಯಸ್ಸನ್ನು.

ಇರಲಿ, ಪುಸ್ತಕಕ್ಕೆ ಬರುತ್ತೇನೆ. ಆರೊನೊವಿಚ್ ಲಂಡನ್ನಿನಲ್ಲಿ 1964ರಲ್ಲಿ ಹುಟ್ಟಿದವನು. ಎಂಬತ್ತರ ದಶಕದ ಕೊನೆಯಲ್ಲಿ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಧಾರಾವಾಹಿಗೆ ಕಥೆ ಬರೆದು, ಆಮೇಲೆ ಕೆಲಸವಿಲ್ಲದೆ ಪುಸ್ತಕದಂಗಡಿಯೊಂದರಲ್ಲಿ ದುಡಿಯುತ್ತ ಬರೆದ ಕಾದಂಬರಿ ‘ರಿವರ್ಸ್ ಆಫ್ ಲಂಡನ್’. 2011ರಲ್ಲಿ ಪ್ರಕಟವಾಯಿತು. ಅದೇ ಹೆಸರಿನ ಮಾಲೆ ಇಂದಿಗೂ ಮುಂದುವರಿದಿದೆ. ಇಂಥ ಕಥೆಗಳಿಗೆ ಅಲ್ಲಿ ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ಬಸ್ಸು ರೈಲು ಓಡಾಡುವ, ಬಾಡಿಗೆ ಕಟ್ಟಬೇಕಾದ ಊರಿನಲ್ಲಿಯೇ ನಡೆಯುವ ಅದ್ಭುತದ ಕಥೆ. ನಾಯಕ ಪೀಟರ್ ಗ್ರ್ಯಾಂಟ್ ಇನ್ನೂ ಉಮೇದುವಾರಿಯಲ್ಲಿರುವ ಪೊಲೀಸ್ ಪೇದೆ. ತಾಯಿ ಆಫ್ರಿಕದ ಸಿಯೆರಾ ಲಿಯೋನಿನವಳು, ಕಚೇರಿಗಳ ಕಸ ಗುಡಿಸಿ ಮಗನನ್ನು ಸಾಕಿದವಳು. ತಂದೆ ಬಿಳಿಯ, ಮಾದಕದ್ರವ್ಯದಲ್ಲಿ ಬದುಕು ಕೆಡಿಸಿಕೊಂಡ ಜಾಸ್ ಸಂಗೀತಗಾರ. ಚಳಿಗಾಲದ ಒಂದು ನಸುಕಿನಲ್ಲಿ ಕೋವೆಂಟ್ ಗಾರ್ಡನ್ನಿನ ಸೇಂಟ್ ಪಾಲ್ ಚರ್ಚಿನ ಮುಂದೆ ಕೊಲೆಯಾದ ಜಾಗಕ್ಕೆ ಕಾವಲು ನಿಂತಿದ್ದಾಗ, ಸಾಕ್ಷಿ ಹೇಳಲು ಒಬ್ಬ ಮುಂದೆ ಬರುತ್ತಾನೆ. ಅವನು ಸತ್ತು ನೂರು ವರ್ಷದ ಮೇಲಾಗಿದೆ. ಪೇದೆ ಏನು ಮಾಡಬೇಕು? ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಳ್ಳುತ್ತಾನೆ. ನಮ್ಮ ಹಿರಿಯರಿಗೆ ನಗು ಬಂದದ್ದು ಇಲ್ಲಿ. ಲೇಖಕ ನಗಿಸಬೇಕೆಂದೇ ಬರೆದದ್ದೂ ಇಲ್ಲಿಯೇ ಎಂಬುದನ್ನು ಅವರು ಗಮನಿಸಲಿಲ್ಲ.

ಆ ಕೊಲೆಯ ಕಥೆ ಒಂದು ಎಳೆ. ಪಂಚ್ ಮತ್ತು ಜೂಡಿ ಎಂಬ ಬೊಂಬೆಯಾಟಕ್ಕೆ ಅದು ಹೆಣೆದುಕೊಂಡಿದೆ. ಆ ಆಟವನ್ನು ಅದೇ ಜಾಗದಲ್ಲಿ 1662ರಲ್ಲಿ ನೋಡಿದೆನೆಂದು ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕುತೂಹಲಕ್ಕೆ ಇದು ಸಾಕು. ಆದರೆ ನಾನು ಈ ಪುಸ್ತಕವನ್ನು ಎರಡನೆಯ ಸಲ ಓದಿದ್ದು ಇನ್ನೊಂದು ಎಳೆಗಾಗಿ, ನದಿಗಳ ಎಳೆಗಾಗಿ.

ಲಂಡನ್ನೆಂದರೆ ನಾವು ಥೇಮ್ಸ್ ಒಂದನ್ನೇ ಬಲ್ಲೆವು. ಅದಕ್ಕೆ ಬಂದು ಸೇರುತ್ತಿದ್ದ ಫ್ಲೀಟ್, ಟೈಬರ್ನ್, ಎಫ್ರಾ ಮೊದಲಾದ ಕಿರುನದಿಗಳ ಮೇಲೆ ಊರು ಬೆಳೆದು, ಅವು ಇಂದು ಬೀದಿಗಳ ಕೆಳಗೆ ಕೊಳವೆಗಳಲ್ಲಿ ಕಣ್ಮರೆಯಾಗಿ ಹರಿಯುತ್ತಿವೆ. 1858ರ ಬೇಸಗೆಯಲ್ಲಿ ಇಡೀ ನಗರದ ಹೊಲಸು ಥೇಮ್ಸಿನಲ್ಲಿ ಕೊಳೆತು, ನಾತಕ್ಕೆ ಹೆದರಿ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗುಹಾಕಿದರು. ಆಮೇಲೆಯೇ ಬಜಲ್ಗೆಟ್ ಎಂಬ ಇಂಜಿನಿಯರನ ದೊಡ್ಡ ಮೋರಿಗಳು ಬಂದದ್ದು. ಇದು ಚರಿತ್ರೆ. ಆರೊನೊವಿಚ್ ಇದಕ್ಕೆ ಒಂದು ಪುರಾಣವನ್ನು ಕಟ್ಟುತ್ತಾನೆ. ಥೇಮ್ಸ್ ತಂದೆಯೆಂಬ ಪುರಾತನ ನದೀದೇವನಿದ್ದನು. ಮಕ್ಕಳಾದ ಕಿರುನದಿಗಳು ಮೋರಿಗಳಾಗಿ ಸತ್ತವು. ತಂದೆ ಆ ದುಃಖದಲ್ಲಿ, ಆ ಕೋಪದಲ್ಲಿ, ನಗರಕ್ಕೆ ಬೆನ್ನು ತಿರುಗಿಸಿ ಮೇಲ್ಹೊಳೆಯ ಕಡೆಗೆ ಹೊರಟುಹೋದನು. ಮತ್ತೆ ಇಳಿದು ಬರಲಿಲ್ಲ. ಸುಮಾರು ನೂರು ವರ್ಷ ಲಂಡನ್ನಿನ ನದಿಗೆ ದೇವರಿರಲಿಲ್ಲ.

ಆ ಪೀಠ ತುಂಬಿದ್ದು ಹೇಗೆ? ಕಳೆದ ಶತಮಾನದ ಐವತ್ತರ ದಶಕದಲ್ಲಿ ನೈಜೀರಿಯದಿಂದ ದಾದಿಯ ತರಬೇತಿಗೆಂದು ಬಂದ ಹುಡುಗಿಯೊಬ್ಬಳು ಬಾಳಿನಲ್ಲಿ ಸೋತು ಸೇತುವೆಯ ಮೇಲಿಂದ ನೀರಿಗೆ ಬೀಳುತ್ತಾಳೆ. ನದಿ ಅವಳನ್ನು ಕೊಲ್ಲುವುದಿಲ್ಲ, ವರಿಸುತ್ತದೆ. ಅವಳೇ ಥೇಮ್ಸ್ ತಾಯಿ. ಹಳೆಯ ಬಂದರಿನ ಪಕ್ಕದ ಮನೆಯಲ್ಲಿ ಊರಿನ ಹೆಂಗಸರ ನಡುವೆ ರಾಣಿಯಂತೆ ಕುಳಿತಿರುವ ಆಕೆಯ ಎದುರು ನಿಂತಾಗ ಪೇದೆಗೆ ಮಂಡಿಯೂರಬೇಕೆನಿಸುವ ಸೆಳೆತ. ತಟ್ಟೆಯಲ್ಲಿಟ್ಟ ಬಿಸ್ಕತ್ತನ್ನು ಮುಟ್ಟುವ ಮೊದಲು, ಇದರಿಂದ ನನಗೆ ಯಾವ ಋಣವೂ ಬೀಳುವುದಿಲ್ಲ ತಾನೆ ಎಂದು ಅವನು ಕೇಳಿಕೊಳ್ಳಬೇಕು. ಸತ್ತ ಕಿರುನದಿಗಳ ಜಾಗದಲ್ಲಿ ಈಗ ಆಕೆಯ ಹೆಣ್ಣುಮಕ್ಕಳು. ಎಫ್ರಾ ಹರಿಯುವುದು ಬ್ರಿಕ್ಸ್‌ಟನ್ನಿನ ಕೆಳಗೆ. 1948ರಲ್ಲಿ ವಿಂಡ್‌ರಷ್ ಹಡಗಿನಲ್ಲಿ ಬಂದ ಕೆರಿಬಿಯನ್ ಜನರಲ್ಲಿ ಎಷ್ಟೋ ಮಂದಿ ನೆಲೆ ಕಂಡುಕೊಂಡ ಕೇರಿ ಅದು. ಟೈಬರ್ನ್ ಹೆಸರಿನಲ್ಲಿ ಹಿಂದೆ ನೇಣುಗಂಬವಿತ್ತು. ಆ ಹೆಸರು ಹೊತ್ತ ಮಗಳು ದೊಡ್ಡ ಓದು ಓದಿ, ಅಧಿಕಾರಿಗಳನ್ನು ಬೆರಳ ತುದಿಯಲ್ಲಿ ಆಡಿಸುವ ಜಂಬಗಾತಿ.

ಇಲ್ಲಿ ಒಂದು ದಿನಾಂಕವನ್ನು ನೆನಪಿಸಿಕೊಳ್ಳಬೇಕು. 1968ರ ಏಪ್ರಿಲ್ 20ರಂದು ಇನಾಕ್ ಪವೆಲ್ ಎಂಬ ಇಂಗ್ಲೆಂಡಿನ ರಾಜಕಾರಣಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಭಾಷಣ ಮಾಡಿದನು. ವಲಸಿಗರು ಹೀಗೆಯೇ ಬರುತ್ತಿದ್ದರೆ ದೇಶಕ್ಕೆ ಕೇಡು ತಪ್ಪದೆಂದು ಹೇಳುತ್ತ, ಲ್ಯಾಟಿನ್ ಮಹಾಕವಿ ವರ್ಜಿಲನ ಕಾವ್ಯದಿಂದ ರಕ್ತ ನೊರೆಗಟ್ಟಿದ ನದಿಯ ಚಿತ್ರವನ್ನು ಎತ್ತಿ ತಂದನು. (ಪವೆಲ್ ಗ್ರೀಕ್ ಪ್ರಾಧ್ಯಾಪಕನಾಗಿದ್ದವನು. ಪಾಂಡಿತ್ಯ ಮನುಷ್ಯನನ್ನು ಕಾಪಾಡುತ್ತದೆಂದು ನಂಬಿರುವ ನಮ್ಮಂಥ ಮೇಷ್ಟರುಗಳು ಇದನ್ನು ಆಗಾಗ ನೆನೆಯುವುದು ಒಳ್ಳೆಯದು.) ಆ ಭಾಷಣಕ್ಕೆ ಜನ ‘ರಕ್ತದ ನದಿಗಳ ಭಾಷಣ’ವೆಂದೇ ಹೆಸರಿಟ್ಟರು. ನಲವತ್ತಮೂರು ವರ್ಷಗಳ ಬಳಿಕ ಒಬ್ಬ ಕಥೆಗಾರ ತನ್ನ ಪುಸ್ತಕಕ್ಕೆ ‘ಲಂಡನ್ನಿನ ನದಿಗಳು’ ಎಂದು ಹೆಸರಿಡುತ್ತಾನೆ. ಇವರು ಬಂದರೆ ನದಿ ಕೆಂಪಾಗುತ್ತದೆಂದು ಅವನು ಹೆದರಿಸಿದ್ದ. ಇವನು, ಅವರೇ ನಿಮ್ಮ ನದಿ, ಅವರು ಬರುವ ತನಕ ಅದಕ್ಕೆ ಜೀವವಿರಲಿಲ್ಲ ಎನ್ನುತ್ತಾನೆ. ಲೇಖಕನ ಮನಸ್ಸಿನಲ್ಲಿ ಪವೆಲ್ ಇದ್ದನೋ ಇಲ್ಲವೋ, ಈ ಓದು ನನ್ನದು. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಥೇಮ್ಸಿನ ಕೆಳಹೊಳೆಯಲ್ಲಿ ಜೀವಜಾಲ ಸತ್ತಿದೆಯೆಂದು ಲಂಡನ್ನಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ವಿಜ್ಞಾನಿಗಳು ಸಾರಿದ್ದು 1957ರಲ್ಲಿ. ಇಂದು ಅಲ್ಲಿ ಮೀನುಗಳಿವೆ, ಸೀಲ್ ಪ್ರಾಣಿಗಳಿವೆ. ನದಿ ಬದುಕಿದ ಕಾಲವೂ, ದಾದಿಯರು ಬಂದ ಕಾಲವೂ ಒಂದೇ.

ಇದೇ ಸಂಗತಿಯನ್ನು ವಾಸ್ತವವಾದಿ ಕಾದಂಬರಿಕಾರ ಬರೆಯಬಹುದಿತ್ತಲ್ಲವೆ ಎಂದು ಕೇಳುವವರುಂಟು. ಬರೆಯಬಹುದಿತ್ತು; ಬರೆದೂ ಇದ್ದಾರೆ, ಒಳ್ಳೆಯವರೇ ಬರೆದಿದ್ದಾರೆ. ಆದರೆ ಆ ಬಗೆಯ ಬರಹದಲ್ಲಿ ಬಹುಪಾಲು ನೈಜೀರಿಯದ ಹುಡುಗಿ ಸೇತುವೆಯ ಮೇಲೆ ನಿಂತಿರುತ್ತಾಳೆ, ನಾವು ಪುಸ್ತಕ ಮುಚ್ಚಿ ಅಯ್ಯೋ ಪಾಪ ಎನ್ನುತ್ತೇವೆ. ಕರುಣ ರಸ ನಮ್ಮಂಥ ಮಧ್ಯಮ ವರ್ಗದ ಓದುಗರಿಗೆ ಬಹಳ ಅನುಕೂಲವಾದ ರಸ. ಕಣ್ಣೊರೆಸಿಕೊಂಡು ಕಾಫಿ ಕುಡಿಯಬಹುದು. ಥೇಮ್ಸ್ ತಾಯಿ ಮರುಕ ಬೇಡುವವಳಲ್ಲ, ಕಪ್ಪ ಕೇಳುವವಳು. ಆಕೆಯ ಮುಂದೆ ಮರುಕಪಡಲು ಹೋದರೆ ನಾವೇ ಸಣ್ಣವರಾಗುತ್ತೇವೆ. ಈ ಸ್ಥಾನಪಲ್ಲಟವನ್ನು ಮಾಡಲು ಅದ್ಭುತವೇ ಬೇಕಾಗಿತ್ತು. ಅದು ಪಲಾಯನವಾಗಿದ್ದರೆ, ಎಲ್ಲಿಂದ ಎಲ್ಲಿಗೆ ಪಲಾಯನ? 2018ರಲ್ಲಿ, ವಿಂಡ್‌ರಷ್ ಪೀಳಿಗೆಯ ಎಷ್ಟೋ ಮುದುಕ ಮುದುಕಿಯರಿಗೆ, ನೀವು ಇಲ್ಲಿಯವರೆಂಬುದಕ್ಕೆ ಕಾಗದ ತೋರಿಸಿ ಎಂದು ಸರ್ಕಾರ ಕಾಡಿದ್ದು ಹೊರಬಿದ್ದು, ಗೃಹಮಂತ್ರಿಣಿ ರಾಜೀನಾಮೆ ಕೊಡಬೇಕಾಯಿತು. ಬದುಕಿಡೀ ಅಲ್ಲಿಯೇ ದುಡಿದ ದಾದಿಯೊಬ್ಬಳನ್ನು ಪರದೇಶಿ ಎನ್ನುವುದು ವಾಸ್ತವ. ಅವಳೇ ನದಿ ಎನ್ನುವುದು ಕಟ್ಟುಕಥೆ. ಈ ಎರಡರಲ್ಲಿ ಯಾವುದು ಹೆಚ್ಚು ಅಸಂಭವ ಎಂದು ಓದುಗರೇ ಹೇಳಲಿ.

ಇನ್ನೊಂದು ವಿಷಯ ಕನ್ನಡದವನಾದ ನನ್ನನ್ನು ವಿಶೇಷವಾಗಿ ಸೆಳೆಯಿತು. ಈ ಕಾದಂಬರಿಗಳಲ್ಲಿ ಮಾಂತ್ರಿಕನಾಗಲು ಹೊರಟವನು ಮೊದಲು ಕಲಿಯಬೇಕಾದದ್ದು ಮಂತ್ರವನ್ನಲ್ಲ. ಕಲ್ಲು, ಗೋಡೆ, ಹಳೆಯ ಕುರ್ಚಿಗಳಲ್ಲಿ ಹಿಂದಿನವರ ಬಾಳು ಬಿಟ್ಟುಹೋದ ಗುರುತನ್ನು ಹಿಡಿಯುವುದನ್ನು. ಯಾವುದೋ ನಗು, ಸುಟ್ಟ ಬಟ್ಟೆಯ ಕಮಟು, ಒಂದು ಹಾಡಿನ ತುಣುಕು, ಹೀಗೆ. ಅದಕ್ಕೆ ಅವನು ಲ್ಯಾಟಿನ್ನಿನಲ್ಲಿ ‘ವೆಸ್ಟಿಜಿಯ’ ಎಂದು ಹೆಸರಿಟ್ಟಿದ್ದಾನೆ. ನಾವು ಇದಕ್ಕೆ ‘ವಾಸನೆ’ ಎನ್ನಬಹುದು; ಮೂಗಿನ ವಾಸನೆಯೂ ಹೌದು, ಶಾಸ್ತ್ರದ ವಾಸನೆಯೂ ಹೌದು. ‘ಬ್ರೋಕನ್ ಹೋಮ್ಸ್’ (2013) ಎಂಬ ನಾಲ್ಕನೆಯ ಕಾದಂಬರಿಯಲ್ಲಿ ಎಲಿಫೆಂಟ್ ಅಂಡ್ ಕ್ಯಾಸಲ್ ಎಂಬ ಕಡೆಯ ಒಂದು ಬಡಜನರ ಬಹುಮಹಡಿ ವಸತಿಗೃಹದ ಕಥೆಯಿದೆ. ಕಟ್ಟಿದ ವಾಸ್ತುಶಿಲ್ಪಿ ಅದನ್ನು, ಅಲ್ಲಿ ಬಾಳುವವರ ದಿನನಿತ್ಯದ ಬಾಳಿನಿಂದಲೇ ಶಕ್ತಿ ಕೂಡಿಡುವಂತೆ ರಚಿಸಿದ್ದಾನೆ. ಆ ಶಕ್ತಿಯನ್ನು ಕೊಯ್ದುಕೊಳ್ಳಲು ದುಷ್ಟನೊಬ್ಬ ಕಾದಿದ್ದಾನೆ. ಆ ವರ್ಷಗಳಲ್ಲಿ, ಅದೇ ಕೇರಿಯಲ್ಲಿ, ಹೇಗೇಟ್ ಎಂಬ ದೊಡ್ಡ ಸರ್ಕಾರಿ ವಸತಿಯನ್ನು ಜನರನ್ನು ಚದುರಿಸಿ ಕೆಡವುತ್ತಿದ್ದರು. ನಿವೇಶನದ ಬೆಲೆಯೊಳಗೆ ಅಲ್ಲಿ ಬಾಳಿದವರ ಬಾಳೂ ಸೇರಿರುತ್ತದೆ, ಹಣ ಮಾತ್ರ ಇನ್ನೊಬ್ಬನ ಕೈಗೆ ಹೋಗುತ್ತದೆ ಎಂಬುದನ್ನು ಅರ್ಥಶಾಸ್ತ್ರದ ಪಾಠವಿಲ್ಲದೆ ನನಗೆ ತಿಳಿಸಿಕೊಟ್ಟದ್ದು ಈ ರೈಲ್ವೆ ಸ್ಟೇಷನ್ನಿನ ಸರಕು.

ಹಾಗೆಂದು ನಾನು ಭಟ್ಟಂಗಿಯಲ್ಲ. ಈ ಲೇಖಕನ ಮೇಲೆ ನನಗೆ ದೊಡ್ಡ ತಕರಾರೊಂದಿದೆ. ಇವನಿಗೆ ಪೊಲೀಸರೆಂದರೆ ಅತಿ ಸಲುಗೆ. ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಯ ತನಿಖೆ ಕೆಟ್ಟದ್ದನ್ನು ವಿಚಾರಿಸಿದ ಮ್ಯಾಕ್ಫರ್ಸನ್ ವರದಿ 1999ರಲ್ಲಿ, ಲಂಡನ್ ಪೊಲೀಸ್ ಸಂಸ್ಥೆಯ ಮೈಯೊಳಗೇ ವರ್ಣದ್ವೇಷ ಬೇರೂರಿದೆ ಎಂದಿತು. ಆರೊನೊವಿಚ್‌ಗೆ ಇದು ಗೊತ್ತಿಲ್ಲವೆಂದಲ್ಲ. ಪೀಟರ್ ಆಗಾಗ ಒಂದು ಚುಚ್ಚುಮಾತನ್ನು ಆಡುತ್ತಾನೆ. ಆಮೇಲೆ ಎಲ್ಲರೂ ಚಹ ಕುಡಿಯುತ್ತಾರೆ. ನದಿಯನ್ನು ವಲಸಿಗಳ ಕೈಗೆ ಕೊಡುವ ಧೈರ್ಯವಿದ್ದವನು, ಠಾಣೆಯ ವಿಷಯ ಬಂದಾಗ ಹಾಸ್ಯದ ಮರೆಗೆ ಸರಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ತಂದೆ ತಾಯಿಯರ ಕಡೆಯ ನದಿಗಳ ಜಗಳವನ್ನು ಪೀಟರ್ ಪರಿಹರಿಸುವುದು, ಹಿಂದಿನ ರಾಜ್ಯಗಳಂತೆ, ಒತ್ತೆಯಾಳುಗಳನ್ನು ಅದಲುಬದಲು ಮಾಡಿಸಿ. ಅಷ್ಟು ಕಠಿಣವಾದ, ಅಷ್ಟು ಸುಂದರವಾದ ಒಪ್ಪಂದ ಮಾಲೆಯ ಮುಂದಿನ ಪುಸ್ತಕಗಳಲ್ಲಿ ಅಪರೂಪ. ‘ಫಾಲ್ಸ್ ವ್ಯಾಲ್ಯೂ’ (2020) ಹೊತ್ತಿಗೆ ಕಂಪ್ಯೂಟರ್ ಕಂಪನಿಯ ನಗೆಚಾಟಿಕೆಯಲ್ಲಿ ನದಿಗಳು ಮನೆಯ ನೆಂಟರಾಗಿಬಿಟ್ಟಿವೆ. ದೇವತೆ ನೆಂಟಳಾದರೆ ಭಯವೂ ಹೋಗುತ್ತದೆ, ಭಕ್ತಿಯೂ ಹೋಗುತ್ತದೆ.

ಇನ್ನು ಕೂಟದಲ್ಲಿ ನಕ್ಕವರ ಪೈಕಿ ಒಬ್ಬರು, ನದಿಯನ್ನು ಹೆಣ್ಣೆಂದು ಕಾಣುವುದು ನಮಗೇನು ಹೊಸದೆ, ಕಾವೇರಿ ಇಲ್ಲವೆ, ಗಂಗೆ ಇಲ್ಲವೆ, ಇಂಗ್ಲಿಷರಿಗೆ ಈಗ ತಿಳಿಯಿತು ಎಂದರು. ಈ ಹೆಮ್ಮೆಗೆ ನನ್ನ ಬಳಿ ಒಂದೇ ಉತ್ತರವಿದೆ. ಅವರು ದಿನವೂ ಮೈಸೂರು ರಸ್ತೆಯ ಬಸ್ಸಿನಲ್ಲಿ ಓಡಾಡುವವರು. ಆ ದಾರಿಯ ಪಕ್ಕದಲ್ಲಿ ಹರಿಯುವುದರ ಹೆಸರು ವೃಷಭಾವತಿ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆಂದು ಪ್ರತೀತಿ. ಅರ್ಕಾವತಿಯನ್ನು ಕೂಡಿ ಕಾವೇರಿಯನ್ನೇ ಸೇರುತ್ತದೆ. ಬೆಂಗಳೂರಿನ ಹೊಲಸನ್ನೆಲ್ಲ ಹೊತ್ತು ಸೇರುತ್ತದೆ. ಬಸ್ಸು ಅಲ್ಲಿಗೆ ಬಂದಾಗ ನಾವೆಲ್ಲರೂ ಮೂಗಿಗೆ ಕರವಸ್ತ್ರ ಹಿಡಿಯುತ್ತೇವೆ, ಮುಂದೆ ಗಾಳಿ ಆಂಜನೇಯನ ಗುಡಿ ಕಂಡಾಗ ಅದೇ ಕೈಯನ್ನು ಎತ್ತಿ ಮುಗಿಯುತ್ತೇವೆ. ಥೇಮ್ಸ್ ತಂದೆ ಮಕ್ಕಳು ಸತ್ತರೆಂದು ನಗರ ಬಿಟ್ಟು ಹೋದನು. ನಮ್ಮ ಊರಿನ ನದೀದೇವತೆ ಯಾವಾಗ ಹೊರಟುಹೋದಳೆಂದು ನಮ್ಮ ಯಾವ ಕಾದಂಬರಿಕಾರ ಕೇಳಿದ್ದಾನೆ? ಆ ಪೀಠದಲ್ಲಿ ಈಗ ಕುಳಿತಿರುವವಳು ಯಾರು? ರಾಯಚೂರಿನಿಂದಲೋ ಕಲಬುರಗಿಯಿಂದಲೋ ಗಾರೆ ಕೆಲಸಕ್ಕೆ ಬಂದು, ಮೋರಿಯ ದಂಡೆಯ ಜೋಪಡಿಯಲ್ಲಿ ಮಗು ಮಲಗಿಸಿರುವ ಹೆಂಗಸೆ? ಕೇಳಿದರೆ ನಮ್ಮ ವಿಮರ್ಶಕ ಮಹಾಶಯರು ನಕ್ಕಾರೆಂಬ ಭಯ ನಮ್ಮ ಕಥೆಗಾರರಿಗಿದೆ. ನನಗೂ ಇತ್ತಲ್ಲ.

ಮುಂದಿನ ತಿಂಗಳ ಕೂಟಕ್ಕೆ ಹೆಸರು ಕೊಡಲು ಚೀಟಿ ಬಂದಿತ್ತು. ‘ರಿವರ್ಸ್ ಆಫ್ ಲಂಡನ್’ ಎಂದೇ ಬರೆದು ಕಳಿಸಿದ್ದೇನೆ. ಹಿರಿಯರು ಅದನ್ನು ನೋಡಿ, ಈ ಸಲ ನಗದೆ, “ಆ ಪುಸ್ತಕ ಒಂದೆರಡು ದಿನ ಇರಲಿ ನನ್ನ ಹತ್ತಿರ” ಎಂದು ಇಸಿದುಕೊಂಡು ಹೋಗಿದ್ದಾರೆ. ಎರಡು ವಾರವಾಯಿತು, ಇನ್ನೂ ಹಿಂದಕ್ಕೆ ಬಂದಿಲ್ಲ.