ಹೆಣ್ಮಕ್ಕಳು ಬರೂದಿಲ್ರಿ

2025ರ ನಾಗರ ಪಂಚಮಿ ಮುಗಿದ ಮೇಲಿನ ಭಾನುವಾರ. ಸಮೀರವಾಡಿಯ ಬಸ್ ಸ್ಟಾಪಿನಲ್ಲಿ ನಾವು ಆರು ಜನ ಹೆಂಗಸರು ನಿಂತಿದ್ದೆವು. ನಾಲ್ವರು ಶಾಲೆಯವರು. ಐದನೆಯವರು ನಮ್ಮ ಓಣಿಯವರು, ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ಆರನೆಯಾಕೆ ಪಂಚಮಿಗೆ ತವರಿಗೆ ಬಂದಿದ್ದ ಅವರ ನಾದಿನಿ. ಕೈಚೀಲದಲ್ಲಿ ಶೇಂಗಾ ಉಂಡಿ, ಎಳ್ಳಿನ ಉಂಡಿ, ಒಂದಿಷ್ಟು ಜೋಳದ ಅಳ್ಳು. ಹೊರಟಿದ್ದು ಹತ್ತಿರದ ಊರಿನ ಟಾಕೀಜಿಗೆ, ‘ಸು ಫ್ರಮ್ ಸೋ’ ನೋಡಲು. ಪಂಚಮಿಗೆ ಜೋಕಾಲಿ ಜೀಕಿ, ಉಂಡಿ ತಿಂದು, ಮನೆಯವರನ್ನು ಕಾಡಿ ಬೇಡಿ ಒಂದು ಸಿನಿಮಾ ನೋಡಿ ಬರುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಹಳೆಯ ರೂಢಿ. ನಮ್ಮವ್ವ ಚಕ್ಕಡಿಯಲ್ಲಿ ಹೋಗುತ್ತಿದ್ದಳು, ನಾವು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋದೆವು. ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ.

ಇಂಟರ್ವಲ್ ಆಯಿತು. ಎದ್ದು ಹೋದರೆ ಹೆಂಗಸರ ಶೌಚಾಲಯಕ್ಕೆ ಕೀಲಿ ಜಡಿದಿದೆ. ಮೇಲಿನ ದೀಪವೂ ಇಲ್ಲ. ಗೇಟಿನಲ್ಲಿ ತಿಕೀಟು ಹರಿಯುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕರೆದು ಕೇಳಿದೆ.

“ಅಕ್ಕೋರ, ಹೆಣ್ಮಕ್ಕಳು ಬರೂದಿಲ್ರಿ. ಅದಕ್ಕ ಕೀಲಿ ಹಾಕೇವ್ರಿ.”

“ಈಗ ಬಂದೇವಲ್ಲೋ?”

“ಕೀಲಿಕೈ ಮಾಲಕರ ಮನ್ಯಾಗ ಐತ್ರಿ.”

ಎದುರಿಗಿನ ಓಣಿಯಲ್ಲಿ ಗುರುತಿಲ್ಲದ ಒಂದು ಮನೆಯ ಬಾಗಿಲು ಬಡಿದು, ಆ ಮನೆಯ ತಾಯಿಯ ಪುಣ್ಯದಿಂದ ನಮ್ಮ ಕಷ್ಟ ಪರಿಹಾರವಾಯಿತು. ತಿರುಗಿ ಬಂದಾಗ ಹತ್ತು ನಿಮಿಷದ ಸಿನಿಮಾ ಹೋಗಿತ್ತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ ಮಾತು ಅವನದಲ್ಲ. ಇಡೀ ಕನ್ನಡ ಚಿತ್ರರಂಗ ಇಷ್ಟು ವರ್ಷಗಳಿಂದ ಹೇಳುತ್ತ ಬಂದದ್ದು ಅದನ್ನೇ. ಹೆಂಗಸರು ಟಾಕೀಜಿಗೆ ಬರುವುದಿಲ್ಲ, ಆದ್ದರಿಂದ ಹೆಂಗಸರಿಗಾಗಿ ಚಿತ್ರ ಮಾಡುವುದಿಲ್ಲ. ಮೊದಲು ಕೀಲಿ ಹಾಕಿದರೋ, ಮೊದಲು ನಾವು ಬರುವುದನ್ನು ಬಿಟ್ಟೆವೋ, ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ವಿಮರ್ಶಕಿಯಲ್ಲ. ಪಾಠ ಮಾಡಿ, ಉತ್ತರಪತ್ರಿಕೆ ತಿದ್ದಿ, ರೊಟ್ಟಿ ಬಡಿದು ಉಳಿದ ಹೊತ್ತಿನಲ್ಲಿ ಸಿನಿಮಾ ನೋಡುವವಳು. 2025ರ ಜನವರಿಯಿಂದ ದಸರೆಯ ಸೂಟಿಯವರೆಗೆ ಆ ವರ್ಷದ ಆರು ಕನ್ನಡ ಚಿತ್ರ ನೋಡಿದೆ. ಮೂರು ಟಾಕೀಜಿನಲ್ಲಿ, ಒಂದು ಹುಬ್ಬಳ್ಳಿಯಲ್ಲಿ ಮಗಳ ಮನೆಗೆ ಹೋದಾಗ, ಎರಡು ಮೊಬೈಲಿನಲ್ಲಿ. ತಿಕೀಟಿನ ರೊಕ್ಕ ಕೊಟ್ಟವಳಿಗೆ ಮಾತಾಡುವ ಹಕ್ಕಿದೆಯಲ್ಲ.

‘ಸು ಫ್ರಮ್ ಸೋ’ದಿಂದಲೇ ಸುರು ಮಾಡುತ್ತೇನೆ. ಜುಲೈ 25ರಂದು ತೆರೆಕಂಡ, ಜೆ.ಪಿ. ತುಮಿನಾಡ್ ನಿರ್ದೇಶಿಸಿದ ಈ ಚಿತ್ರ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ದೊಡ್ಡ ನಾಯಕನಿಲ್ಲದೆ, ಮಚ್ಚಿಲ್ಲದೆ, ಕರಾವಳಿಯ ಒಂದು ಸಣ್ಣ ಊರಿನ ಮಂದಿಯನ್ನು ಇಟ್ಟುಕೊಂಡು ಮಾಡಿದ ಚಿತ್ರ ನಾಡೆಲ್ಲ ತುಂಬಿದ ಗೃಹಗಳಲ್ಲಿ ಓಡಿತು. ಸಂತೋಷ. ಆದರೆ ಕತೆ ಸುರುವಾಗುವುದು ಎಲ್ಲಿಂದ? ಬಚ್ಚಲಲ್ಲಿದ್ದ ಹುಡುಗಿಯನ್ನು ಕದ್ದು ನೋಡಲು ಹೋಗಿ ಸಿಕ್ಕಿಬಿದ್ದ ಹುಡುಗ, ಪೆಟ್ಟು ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಅಲ್ಲಿಂದ ಮುಂದೆ ನಗುವೋ ನಗು. ಬಚ್ಚಲಲ್ಲಿದ್ದವಳಿಗೆ ಆಮೇಲೆ ಏನನ್ನಿಸಿತು? ಅವಳು ಮರುದಿನ ಸ್ನಾನಕ್ಕೆ ಹೋಗುವಾಗ ಕಿಡಕಿಗೆ ಅರಿವೆ ಕಟ್ಟಿದಳೇ? ಅದು ಕತೆಗೆ ಬೇಕಿಲ್ಲ. ಸತ್ತ ಸುಲೋಚನಾಳಿಗೆ ಊರಿಗೆ ಊರೇ ಹೆದರುತ್ತದೆ, ಬದುಕಿರುವ ಮಗಳು ಭಾನುವಿನ ಸಂಕಟ ಊರಿಗೆ ಕೇಳಬೇಕಾದರೆ ಅದು ದೆವ್ವದ ಹೆಸರಿನಲ್ಲಿ ಗಂಡಸಿನ ಬಾಯಿಂದಲೇ ಬರಬೇಕು. ಇದನ್ನು ನಿರ್ದೇಶಕರು ವ್ಯಂಗ್ಯವಾಗಿಯೇ ಹೇಳಿರಬಹುದು. ಹಾಗಿದ್ದರೆ ವ್ಯಂಗ್ಯ ಒಳ್ಳೆಯದೇ. ಆದರೆ ನನ್ನ ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದದ್ದು ವ್ಯಂಗ್ಯಕ್ಕಲ್ಲ, ಬಚ್ಚಲಿಗೆ.

ಅದಕ್ಕೆ ಒಂದು ವಾರ ಮೊದಲು ‘ಎಕ್ಕ’ ಬಂದಿತ್ತು. ಹಳ್ಳಿಯ ಹುಡುಗ ಬೆಂಗಳೂರಿಗೆ ಹೋಗಿ ಭೂಗತ ಲೋಕಕ್ಕೆ ಬೀಳುವ ಕತೆ. ಇಂಥ ಕತೆ ಕನ್ನಡದಲ್ಲಿ ಎಷ್ಟು ಬಂದಿವೆಯೋ, ಬೆರಳು ಮಡಚಿ ಎಣಿಸುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಅದರ ಹಾಡೊಂದು ನಾಡೆಲ್ಲ ಕುಣಿಸಿತು. ಕಬ್ಬಿನ ಟ್ರ್ಯಾಕ್ಟರುಗಳ ಧ್ವನಿವರ್ಧಕಗಳಲ್ಲಿ ಅದು ಕೇಳಿಸಿತು, ನಮ್ಮ ಐದನೆಯ ಇಯತ್ತೆಯ ಹುಡುಗಿಯರೂ ಅದಕ್ಕೆ ಕುಣಿದರು. ಕುಣಿಯಲಿ, ಹಾಡಿನಲ್ಲಿ ದೋಷವಿಲ್ಲ. ಹಾಡು ಮುಗಿದ ಮೇಲೆ ಆ ನಾಯಕಿಗೆ ಚಿತ್ರದಲ್ಲಿ ಏನು ಕೆಲಸ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, “ಟೀಚರ್, ಆಕಿ ಚಂದ ಇದ್ದಾಳ್ರಿ” ಅಂದಳು. ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಪತ್ರಿಕೆಯಲ್ಲಿ ಓದಿಲ್ಲ.

ಇನ್ನು ‘ಕಾಂತಾರ’ದ ಮೊದಲ ಅಧ್ಯಾಯ, ಅಕ್ಟೋಬರ್ 2ರಂದು ವಿಜಯದಶಮಿಗೇ ಬಂತು. ಕಾಡು, ದೈವ, ಯುದ್ಧ, ಎಲ್ಲ ಕಣ್ಣು ತುಂಬ. ರುಕ್ಮಿಣಿ ವಸಂತ್ ಮಾಡಿದ ಕನಕವತಿಗೆ ಕತ್ತಿ ಇದೆ, ಬುದ್ಧಿ ಇದೆ, ತನ್ನದೇ ಆದ ಲೆಕ್ಕಾಚಾರ ಇದೆ. ಅಬ್ಬಾ, ಬಂದಳಲ್ಲ ಒಬ್ಬಳು ಎಂದು ನೆಟ್ಟಗೆ ಕೂತೆ. ಕೊನೆಗೆ ನೋಡಿದರೆ ಎಲ್ಲ ಕೇಡಿನ ಮೂಲ ಅವಳೇ. ಕೇಡಿಗ ಪಾತ್ರ ಹೆಣ್ಣಿಗೆ ಬೇಡ ಎನ್ನುವವಳು ನಾನಲ್ಲ, ಕೈಕೇಯಿಯನ್ನು ಪಾಠ ಮಾಡಿದವಳು ನಾನು. ನನ್ನ ತಕರಾರು ಬೇರೆ. ಚಂದದವಳಿಗೆ ಬುದ್ಧಿ ಕೊಡುವುದಿಲ್ಲ, ಬುದ್ಧಿ ಕೊಟ್ಟವಳನ್ನು ವಿಷ ಮಾಡುತ್ತಾರೆ. ಈ ಎರಡರ ನಡುವೆ ಬದುಕುವ ನಮ್ಮ ನಿಮ್ಮಂಥವರು ಯಾವ ಚಿತ್ರದಲ್ಲಿದ್ದೇವೆ?

ಮೊಬೈಲಿನಲ್ಲಿ ನೋಡಿದ ಎರಡರಲ್ಲಿ ಒಂದು ಸುಮಂತ್ ಭಟ್ ಅವರ ‘ಮಿಥ್ಯ’, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗನ ಕತೆ. ಅದನ್ನು ನೋಡಿದ ಮೇಲೆ ತರಗತಿಯಲ್ಲಿ ಸುಮ್ಮನೆ ಕೂಡುವ ಹುಡುಗರನ್ನು ಗದರಿಸುವುದನ್ನು ಕಡಿಮೆ ಮಾಡಿದ್ದೇನೆ. ಇನ್ನೊಂದು ‘ಫೈರ್‌ಫ್ಲೈ’, ನಿವೇದಿತಾ ಶಿವರಾಜಕುಮಾರ್ ನಿರ್ಮಿಸಿದ್ದು. ಒಬ್ಬ ಹೆಣ್ಣುಮಗಳು ನಿರ್ಮಾಪಕಿಯಾಗಿ ದುಃಖದ ಕತೆಗೆ ಬಂಡವಾಳ ಹಾಕಿದಳಲ್ಲ, ಆ ಧೈರ್ಯಕ್ಕೆ ಶಹಭಾಸ್. ಎರಡೂ ನಮ್ಮ ಟಾಕೀಜಿಗೆ ಬರಲಿಲ್ಲ. ಬರುವುದಿಲ್ಲವೆಂದು ನಾವೂ ಕಾಯಲಿಲ್ಲ.

ಹುಬ್ಬಳ್ಳಿಯಲ್ಲಿ ನೋಡಿದ್ದು ‘ಹೆಬ್ಬುಲಿ ಕಟ್’. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2017ರಲ್ಲಿ ಬಂದ ‘ಹೆಬ್ಬುಲಿ’ಯಲ್ಲಿ ಸುದೀಪ್ ಮಾಡಿಸಿಕೊಂಡ ಕಟಿಂಗ್ ನಮ್ಮ ಹುಡುಗರ ತಲೆಗೆ ಎಷ್ಟು ಹತ್ತಿತೆಂದರೆ, 2023ರಲ್ಲಿ ನಮ್ಮ ಪಕ್ಕದ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಊರಿನ ಕ್ಷೌರಿಕರಿಗೆ ಪತ್ರ ಬರೆದು, ಶಾಲೆಯ ಹುಡುಗರಿಗೆ ಈ ಕಟಿಂಗ್ ಮಾಡಬೇಡಿರೆಂದು ಕೇಳಿಕೊಂಡರು. ಪತ್ರಿಕೆಗಳಲ್ಲಿ ಬಂತು, ಮಂದಿ ನಕ್ಕರು. ನಾನೂ ನಕ್ಕೆ, ಯಾಕೆಂದರೆ ನನ್ನ ಬೆಂಚುಗಳಲ್ಲೂ ನಾಲ್ಕು ಹೆಬ್ಬುಲಿಗಳು ಕೂತಿದ್ದವು. ಎರಡು ವರ್ಷದ ನಂತರ ಭೀಮರಾವ್ ಅವರ ಚಿತ್ರ ನೋಡಿದಾಗ ನಗು ಗಂಟಲಲ್ಲೇ ನಿಂತಿತು. ಅದೇ ಕಟಿಂಗ್ ತನಗೂ ಬೇಕೆಂದು ಹಂಬಲಿಸುವ ಬಡ ಹುಡುಗ. ಜಾತಿಯ ಕಾರಣಕ್ಕೆ ಊರಿನ ಸಲೂನಿನ ಕುರ್ಚಿ ಅವನಿಗಿಲ್ಲ. ನಾವು ಶಿಕ್ಷಕರು ಕೂದಲು ನೋಡಿದೆವು, ಆ ಕುರ್ಚಿ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ನೋಡಲಿಲ್ಲ. ನಮ್ಮ ಉತ್ತರ ಕರ್ನಾಟಕದ ಮಾತನ್ನು ನಗೆಪಾಟಲಿಗೆ ಬಳಸದೆ ನೋವಿಗೂ ಬಳಸಿದ್ದು ಈ ಚಿತ್ರದ ದೊಡ್ಡತನ. ಆರರಲ್ಲಿ ನನಗೆ ಅತಿ ಹಿಡಿಸಿದ್ದು ಇದೇ.

ಹಿಡಿಸಿದ್ದಕ್ಕೇ ಇನ್ನೊಂದು ಪ್ರಶ್ನೆ ಎದ್ದಿತು. ಬಾಗಿಲು ಮುಚ್ಚಿಸಿಕೊಂಡ ಹುಡುಗನ ಕತೆ ಹೇಳಲು ಕನ್ನಡದಲ್ಲಿ ಒಬ್ಬರು ಸಿಕ್ಕರು. ಅದೇ ಊರಿನಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹದಿನೇಳಕ್ಕೆ ಕೂಸು ಎತ್ತಿಕೊಂಡು ನನ್ನೆದುರು ತಲೆ ತಗ್ಗಿಸಿ ಹೋಗುವ ಹುಡುಗಿಯ ಕತೆಯನ್ನು ಯಾರು ಹೇಳುತ್ತಾರೆ? ಹುಡುಗನ ಆಸೆಗೆ ಒಂದು ಚಿತ್ರ ಸಿಕ್ಕಿತು. ಹುಡುಗಿ ಯಾವಾಗಲೂ ಅವನ ಆಸೆಯೇ ಆಗಿರಬೇಕೆ, ಅವಳಿಗೊಂದು ಆಸೆ ಇರಬಾರದೆ?

“ನಿಮ್ಮ ಕಾಲದಲ್ಲೂ ಹೀಗೇ ಇತ್ತು ಬಿಡ್ರಿ” ಎನ್ನುತ್ತಾರೆ. ಇರಲಿಲ್ಲ. ‘ಗೆಜ್ಜೆಪೂಜೆ’ (1969) ಎಂ.ಕೆ. ಇಂದಿರಾ ಅವರ ಕಾದಂಬರಿ, ‘ಶರಪಂಜರ’ (1971) ತ್ರಿವೇಣಿಯವರದು, ‘ಎರಡು ಕನಸು’ (1974) ವಾಣಿಯವರದು. ಇಂದಿರಾ ಅವರ ‘ಫಣಿಯಮ್ಮ’ನನ್ನು ಪ್ರೇಮಾ ಕಾರಂತರೇ 1983ರಲ್ಲಿ ಚಿತ್ರ ಮಾಡಿದರು. ಹೆಂಗಸರು ಬರೆದರು, ಹೆಂಗಸರು ನೋಡಿದರು, ಗಂಡಸರೇ ರೊಕ್ಕ ಎಣಿಸಿಕೊಂಡರು. ಅಷ್ಟೇಕೆ, ಟಾಕೀಜು ಕಟ್ಟಿಸಿದವಳೂ ಹೆಂಗಸೇ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಹೆಸರಾಗಿ, ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದಳು. ವೈದೇಹಿಯವರ ಗುಲಾಬಿ ಟಾಕೀಸಿನ ಕತೆ ಓದಿರುತ್ತೀರಿ. ಅಲ್ಲಿ ಹೆಂಗಸರ ಬಾಗಿಲು ಕಾಯುವವಳು ಹೆಂಗಸು. ಆ ಕತೆಯಿಂದ ಹುಟ್ಟಿದ ಚಿತ್ರದ ನಟನೆಗೆ ಉಮಾಶ್ರೀಯವರು ರಾಷ್ಟ್ರಪ್ರಶಸ್ತಿ ಪಡೆದರು, 2013ರಲ್ಲಿ ನಮ್ಮ ತೇರದಾಳದಿಂದಲೇ ಗೆದ್ದು ಮಂತ್ರಿಯಾದರು. ಇಂಥ ಸೀಮೆಯಲ್ಲಿ ಹೆಣ್ಮಕ್ಕಳು ಬರೂದಿಲ್ರಿ ಎನ್ನುವುದು ಹೇಗೆ ಸಾಧ್ಯವಾಯಿತು?

ಕತೆಗಳೇ ಇಲ್ಲ ಎಂದು ಮಾತ್ರ ಹೇಳಬೇಡಿ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದವು. ಅವರ ಕತೆಯೊಂದನ್ನು ಗಿರೀಶ ಕಾಸರವಳ್ಳಿಯವರು 2004ರಲ್ಲೇ ‘ಹಸೀನಾ’ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಹೆಣ್ಣಿನ ಮನೆಯೊಳಗಿನ ಕತೆಯನ್ನು ಲಂಡನ್ನಿನಲ್ಲಿ ಕೂತವರು ಓದಿ ಮೆಚ್ಚಿದ ವರ್ಷದಲ್ಲೇ ನಮ್ಮ ಟಾಕೀಜಿಗೆ ಬಂದ ಕತೆಗಳು ಯಾವುವು ಎಂದು ಮೇಲೆ ಹೇಳಿದ್ದೇನೆ.

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. 2002ರಲ್ಲಿ ‘ತವರಿಗೆ ಬಾ ತಂಗಿ’ ಬಂದಾಗ ಸೆರಗು ತೋಯುವಷ್ಟು ಅತ್ತವಳು ನಾನು. ಹೆಂಗಸರ ಚಿತ್ರವೆಂದರೆ ಅಳಿಸುವ ಚಿತ್ರ ಎಂದು ಅವರು ತಿಳಿದದ್ದು ನಮ್ಮ ಕಣ್ಣೀರಿನಿಂದಲೇ. ಆ ಅಳುವನ್ನು ಧಾರಾವಾಹಿಗಳು ಮನೆಗೇ ತಂದುಕೊಟ್ಟಾಗ, ಟಾಕೀಜಿನವರು ಹೆಂಗಸರ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡರು. ನಾವೂ ಸೋಫಾ ಬಿಟ್ಟು ಏಳಲಿಲ್ಲ.

ಇನ್ನು ತಿಕೀಟು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತಿಕೀಟಿನ ದರ 200 ರೂಪಾಯಿ ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟಿನಿಂದ ಮಧ್ಯಂತರ ತಡೆ ಬಂತು. ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿಗೆ ನಾಲ್ಕು ಜನ ಹೋಗಿ ಬಂದರೆ ತಿಂಗಳ ಹಾಲಿನ ಬಾಕಿಗಿಂತ ಹೆಚ್ಚಾಗುತ್ತದೆ. ಮನೆಯಲ್ಲಿ ರೊಕ್ಕ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಯಾರ ಸಿನಿಮಾಕ್ಕೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಗ ಗೆಳೆಯರೊಡನೆ ಹೋಗುತ್ತಾನೆ, ಗಂಡ ಇಷ್ಟವಿದ್ದರೆ ಹೋಗುತ್ತಾನೆ. ಆಕೆ, “ನನಗೇನು, ಟಿವಿಯಾಗ ಬಂದಾಗ ನೋಡ್ತೇನಿ” ಎನ್ನುತ್ತಾಳೆ. ಆ ಮಾತನ್ನೇ ಹಿಡಿದು ಬೆಂಗಳೂರಿನಲ್ಲಿ ಲೆಕ್ಕ ಬರೆಯುತ್ತಾರೆ: ಹೆಂಗಸರು ಬರುವುದಿಲ್ಲ.

ನಾವು ಕೇಳುವುದು ಬಹಳವಿಲ್ಲ. ಕೊನೆಯ ಬಸ್ಸು ಸಿಗುವಂತೆ ಬಿಡುವ ಒಂದು ಮಧ್ಯಾಹ್ನದ ಆಟ. ತೆರೆದಿರುವ, ನೀರಿರುವ ಒಂದು ಶೌಚಾಲಯ. ವರ್ಷಕ್ಕೆ ನಾಲ್ಕಾದರೂ ಚಿತ್ರ, ಅದರಲ್ಲಿ ಹೆಣ್ಣು ಅಳದೆ, ಬರೀ ಕುಣಿಯದೆ, ಏನಾದರೂ ಮಾಡಬೇಕು. ತಪ್ಪನ್ನೇ ಮಾಡಲಿ, ಆದರೆ ತಾನೇ ಯೋಚಿಸಿ ಮಾಡಲಿ. ಅಕ್ಕತಂಗಿಯರೇ, ನಮಗೂ ಒಂದು ಕೆಲಸವಿದೆ. ಒಬ್ಬೊಬ್ಬರೇ ಹೋಗಲು ಅಂಜಿಕೆಯಾದರೆ ಗುಂಪಾಗಿ ಹೋಗೋಣ, ಒಳ್ಳೆಯ ಚಿತ್ರ ಬಂದ ವಾರವೇ ಹೋಗೋಣ, ಕೆಟ್ಟದ್ದನ್ನು ಕೆಟ್ಟದ್ದೆಂದು ಗೇಟಿನಲ್ಲಿ ನಿಂತೇ ಹೇಳಿ ಬರೋಣ.

ದಸರೆಯ ಸೂಟಿಯಲ್ಲಿ ‘ಕಾಂತಾರ’ಕ್ಕೆ ನಾವು ಹನ್ನೊಂದು ಜನ ಹೋದೆವು. ತಿಕೀಟು ಕೊಳ್ಳುವ ಮೊದಲು ಅದೇ ಹುಡುಗನನ್ನು ಕರೆದು, ಕೀಲಿಕೈ ತಂದರೆ ಮಾತ್ರ ಒಳಗೆ ಬರುತ್ತೇವೆ ಎಂದೆ. ಅವನು ಸೈಕಲ್ ಮೋಟಾರು ಹತ್ತಿ ಹೋಗಿ ತಂದ. ಕೀಲಿ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಕಲ್ಲಿನಿಂದ ನಾಲ್ಕು ಬಡಿದ ಮೇಲೆ ತೆರೆಯಿತು. ಒಳಗೆ ಮುರಿದ ಕುರ್ಚಿಗಳನ್ನೂ ಸೋಡಾ ಬಾಟಲಿಯ ಕ್ರೇಟುಗಳನ್ನೂ ಮಾಡಿನವರೆಗೆ ಒಟ್ಟಿದ್ದರು.

“ಇವನ್ನ ತಗಿಯೂದು ಯಾವಾಗೋ?” ಎಂದು ಕೇಳಿದೆ.

“ನೀವು ಮತ್ತ ಬರ್ತೀರೇನ್ರಿ, ಅಕ್ಕೋರ?” ಎಂದ.

ಬರುತ್ತೇವೆ ಎಂದು ಹೇಳಿ ಬಂದಿದ್ದೇನೆ.