ಅದಿರು ಹೋದ ದೇಶಗಳಿಗೆ ನಮ್ಮ ಮಕ್ಕಳೂ ಹೋಗಲಿ

2022ರ ಮೇ 20ರಂದು ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ರಫ್ತಿಗಿದ್ದ ತಡೆಯನ್ನು ತೆರವುಗೊಳಿಸಿತು. ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾದಿದ್ದ ಗಣಿಯವರು ಉಸಿರು ಬಿಡುವಷ್ಟರಲ್ಲಿ, ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ಆರು ತಿಂಗಳಾದ ಮೇಲೆ ನವೆಂಬರಿನಲ್ಲಿ ಅದನ್ನು ಇಳಿಸಿತು. ಬಳ್ಳಾರಿ ಜಿಲ್ಲೆಯ ನಮ್ಮ ಸಂಡೂರಿನ ಲಾರಿ ಚಾಲಕನ ದುಡಿಮೆ ಎಷ್ಟೋ ದೂರದ ಲೆಕ್ಕಾಚಾರಗಳಿಗೆ ಕಟ್ಟುಬಿದ್ದಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದು ಹೊಸದೂ ಅಲ್ಲ. ಹೊಸಪೇಟೆ ಸೀಮೆಯ ಅದಿರು ಚೆನ್ನೈ ಬಂದರಿನ ಮೂಲಕ ಜಪಾನಿನ ಉಕ್ಕಿನ ಕುಲುಮೆಗಳಿಗೆ ದಶಕಗಳ ಕಾಲ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಚೀನಾ ಉಕ್ಕಿಗಾಗಿ ಹಸಿದಾಗ ಸಂಡೂರು ತಾಲ್ಲೂಕಿನ ರಸ್ತೆ, ಬೆಳೆ, ಮನೆಯ ಮಾಡು ಎಲ್ಲವೂ ಕೆಂಧೂಳಿನಲ್ಲಿ ಮುಳುಗಿದವು. ಆ ಹಸಿವಿನ ಬೆನ್ನಿಗೇ ಅಕ್ರಮ ಗಣಿಗಾರಿಕೆ, ಲೋಕಾಯುಕ್ತ ವರದಿ, 2011ರ ಗಣಿಗಾರಿಕೆ ನಿಷೇಧ ಎಲ್ಲವೂ ಬಂದವು. ಅಂದಮೇಲೆ ಹೊರದೇಶಗಳನ್ನು ಓದಿ ಅರ್ಥಮಾಡಿಕೊಳ್ಳುವ ಕೆಲಸ ಸಂಡೂರಿಗೆ ಪರರ ಕೆಲಸವಲ್ಲ. ಆದರೂ ಇಲ್ಲಿ ಓದುವ ಹುಡುಗ ಹುಡುಗಿಯರಿಗೆ ಡಿಸಿ, ಎಸ್ಪಿ ಆಗುವ ಕನಸು ಬೀಳುತ್ತದೆಯೇ ಹೊರತು ರಾಯಭಾರಿಯಾಗುವ ಕನಸಲ್ಲ. ಈ ಕೊರತೆಯನ್ನು ತುಂಬಿಕೊಳ್ಳಬೇಕು ಎಂಬುದು ನನ್ನ ವಾದ.

ರಾಯಭಾರ ಎಂದರೇನು ಎಂದು ತಿಳಿಯಲು ಈ ಸೀಮೆಯವರು ದೆಹಲಿಗೆ ಹೋಗಬೇಕಿಲ್ಲ. ಹೆರಾತಿನಿಂದ ಆಳುತ್ತಿದ್ದ ಶಾರುಖ್ ಕಳಿಸಿದ ದೂತ ಅಬ್ದುರ್ ರಜಾಕ್ 1443ರಲ್ಲಿ ಕಲ್ಲಿಕೋಟೆಯ ಮಾರ್ಗವಾಗಿ ಹಂಪಿಗೆ ಬಂದ. ಅವನು ನಗರವನ್ನು ಹೊಗಳಿದ್ದನ್ನು ಪ್ರವಾಸಿ ಮಾರ್ಗದರ್ಶಿಗಳು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಅವನ ನೌಕರಿಯ ಕಷ್ಟ ಮಾತ್ರ ಯಾರ ಬಾಯಲ್ಲೂ ಇಲ್ಲ. ಸಮುದ್ರಯಾನಕ್ಕೆ ಹೆದರಿ ಬೆಂಡಾಗಿದ್ದವನು ಅವನು. ವಿಜಯನಗರದ ಅರಸ ಎರಡನೆಯ ದೇವರಾಯ ಅವನಿಗೆ ಬಿಡಾರ ಕೊಟ್ಟ, ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ ಪಡಿ ಕೊಟ್ಟ, ವಾರಕ್ಕೆರಡು ಸಲ ಕರೆಸಿ ಅವನ ದೊರೆಯ ವಿಚಾರ ಕೇಳಿದ. ಅಷ್ಟರಲ್ಲಿ ಹೋರ್ಮುಜ್ ಕಡೆಯವರು ಇವನು ನಿಜವಾದ ದೂತನೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು, ಪಡಿಗೆ ಕತ್ತರಿ ಬಿತ್ತು. ತನ್ನ ದೊರೆ ಸಾವಿರಾರು ಹರದಾರಿ ಆಚೆ, ಪತ್ರ ಹೋಗಿ ಬರಲು ತಿಂಗಳುಗಟ್ಟಲೆ. ಅಲ್ಲಿ ಅವನ ಕೈಯಲ್ಲಿ ಉಳಿದದ್ದು ಎರಡೇ: ತಾಳ್ಮೆ ಮತ್ತು ಬರವಣಿಗೆ. ಇಂದು ಹಂಪಿಯ ಚರಿತ್ರೆ ಬರೆಯುವವರು ಅವನ ವರದಿಯಿಲ್ಲದೆ ಒಂದು ಹೆಜ್ಜೆ ಇಡಲಾರರು. ಪರರಾಜ್ಯದಲ್ಲಿ ಕಣ್ಣು ಕಿವಿ ತೆರೆದು ಕೂತು, ಕಂಡದ್ದನ್ನು ನಿಷ್ಠೆಯಿಂದ ಊರಿಗೆ ಬರೆಯುವುದೇ ಈ ವೃತ್ತಿಯ ತಿರುಳು. ಔತಣಕೂಟ, ಕಪ್ಪು ಸೂಟುಗಳೆಲ್ಲ ಅದರ ಹೊದಿಕೆ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು: ಜಿಲ್ಲಾಧಿಕಾರಿಯಾದವನು ಕೆರೆ ಹೂಳೆತ್ತಿಸುತ್ತಾನೆ, ವಿದೇಶದಲ್ಲಿ ಕೂತವನಿಂದ ಬಡವನಿಗೇನು ಲಾಭ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗುಂಡಿನ ಕಾಳಗ ಎದ್ದಾಗ ಅಲ್ಲಿ ಸಿಕ್ಕಿಬಿದ್ದಿದ್ದವರು ಯಾರು? ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ. ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ಪೋರ್ಟ್ ಸುಡಾನ್ ಮುಟ್ಟಿ, ಕೆಂಪು ಸಮುದ್ರ ದಾಟಿ ಜೆಡ್ಡಾ ಮೂಲಕ ಅವರು ಮನೆ ಸೇರಿದರು. ಹಿಂದಿನ ವರ್ಷ ಉಕ್ರೇನಿನ ಹಾರ್ಕಿವ್‌ನಲ್ಲಿ ಮಾರ್ಚ್ 1ರಂದು ಸತ್ತ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯ ದೇಹ ಬೆಂಗಳೂರಿಗೆ ಬಂದದ್ದು 21ರಂದು. ಯುದ್ಧದ ನಡುವೆ ಶವಾಗಾರ, ದಾಖಲೆ, ಗಡಿ, ವಿಮಾನ ಇವನ್ನೆಲ್ಲ ಹೊಂದಿಸುವ ಹೊಣೆ ದೂತಾವಾಸದ್ದು. ಬಡವರ ಮಕ್ಕಳು ಹೊರದೇಶಕ್ಕೆ ಹೋಗತೊಡಗಿದ ಮೇಲೆ ದೂತಾವಾಸವೂ ಒಂದು ತಾಲ್ಲೂಕು ಕಚೇರಿಯೇ.

ಎರಡನೆಯದು, ನಿರ್ಧಾರವೆಲ್ಲ ದೆಹಲಿಯದು, ರಾಯಭಾರಿ ಬರೀ ಅಂಚೆಯವ ಎಂಬ ಮಾತು. ಇದರಲ್ಲಿ ಸತ್ಯವಿದೆ. ಅದಿರಿನ ಸುಂಕ ಏರಿಸಿದ್ದು ಹಣಕಾಸು ಸಚಿವಾಲಯ, ಯಾವ ರಾಯಭಾರಿಯೂ ಅಲ್ಲ. ಆದರೆ ದೆಹಲಿ ನಿರ್ಧರಿಸುವಾಗ ಮೇಜಿನ ಮೇಲಿರುವ ಕಾಗದ ಯಾರೋ ಬರೆದದ್ದು. ಬರೆದವನಿಗೆ ಸಂಡೂರಿನ ಹೆಸರು ಗೊತ್ತಿದ್ದರೆ ಕಾಗದದ ತೂಕವೇ ಬೇರೆ. ಲಂಬಾಣಿ ಕಸೂತಿಯನ್ನೇ ನೋಡಿ. 2023ರ ಜುಲೈನಲ್ಲಿ ಜಿ20 ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಚಪ್ಪಾಳೆ ಬಿತ್ತು, ಫೋಟೊ ಬಂತು. ಆದರೆ ಈ ಕಸೂತಿಗೆ ನಮ್ಮಲ್ಲಿರುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪರದೇಶದಲ್ಲಿ ತಾನಾಗಿ ನಡೆಯದು, ದೇಶದೇಶಕ್ಕೂ ನೋಂದಣಿಯೋ ಒಪ್ಪಂದವೋ ಬೇಕು. ಕನ್ನಡಿ, ಕವಡೆ ಕೂಡಿಸಿ ಹೊಲಿದ ಆ ಬಟ್ಟೆ ಯಂತ್ರದ ನಕಲಿನೆದುರು ನಿಲ್ಲಬೇಕಾದರೆ ಆ ಒಪ್ಪಂದದ ಪಟ್ಟಿಯಲ್ಲಿ ಅದರ ಹೆಸರನ್ನು ಹಟ ಹಿಡಿದು ಸೇರಿಸುವವರು ಬೇಕು.

ಇನ್ನು ಮನೆಮಠದ ಮಾತು. ಮೂರು ಮೂರು ವರ್ಷಕ್ಕೆ ದೇಶ ಬದಲು, ಮಕ್ಕಳ ಶಾಲೆ ಬದಲು, ತಂದೆ ತಾಯಿಯ ಕಾಯಿಲೆಗೆ ಓಡಿಬರಲಾಗದ ದೂರ. ಇದನ್ನು ಸಿಹಿ ಸವರಿ ಹೇಳಲು ಬರುವುದಿಲ್ಲ. ಹೆಣ್ಣಾದರೆ ಮೊದಲು ಇನ್ನೂ ಬಿಗಿ ಇತ್ತು. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಕೊಡಗಿನ ಸಿ.ಬಿ. ಮುತ್ತಮ್ಮ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಬರೆಸಿಕೊಳ್ಳಲಾಗಿತ್ತು. ಹಂಗೇರಿಯಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದ ಮೇಲೂ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳ ತಾರತಮ್ಯವನ್ನು ಖಾರವಾಗಿಯೇ ಎತ್ತಿ ಆಡಿದರು. ಇಂದಿನ ಹುಡುಗಿಯರಿಗೆ ಆ ಬಾಗಿಲು ಕನ್ನಡ ನಾಡಿನವರೇ ಒಬ್ಬರು ತಳ್ಳಿ ತೆರೆದದ್ದು.

ಇಂಗ್ಲಿಷ್ ಬಾರದವರಿಗೆ ಇದು ದಕ್ಕದು ಎಂಬ ಹೆದರಿಕೆಯೂ ಅರ್ಧ ಸುಳ್ಳು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸೇವೆ ಸೇರಿದ ಮೇಲೆ ಎಲ್ಲರೂ ಒಂದು ಪರಭಾಷೆಯನ್ನು ಮೊದಲಿನಿಂದಲೇ ಕಲಿಯಬೇಕು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉರ್ದು ಆಡಿ ಬೆಳೆದ ಸಂಡೂರಿನ ಮಗುವಿಗೆ ಇನ್ನೊಂದು ಭಾಷೆ ಭಾರವಾಗದು. ಬಳ್ಳಾರಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುವ ಹಣ ಇದೇ ಗುಡ್ಡಗಳನ್ನು ಅಗೆದು ಬಂದದ್ದು, ಶಿಕ್ಷಣಕ್ಕೆ ಅದನ್ನು ಖರ್ಚು ಮಾಡಲು ನಿಯಮವೂ ಇದೆ. ಅದರ ಒಂದು ಸಣ್ಣ ಪಾಲಿನಲ್ಲಿ ಸಂಡೂರಿನ ಕಾಲೇಜಿನಲ್ಲಿ ಜಪಾನಿ, ಚೀನಿ ಭಾಷೆಯ ಸಂಜೆ ತರಗತಿ ಮತ್ತು ನಾಗರಿಕ ಸೇವಾ ಪರೀಕ್ಷೆಯ ತರಬೇತಿ ಶುರುಮಾಡಲಿ. ಮುಂದಿನ ಶೈಕ್ಷಣಿಕ ವರ್ಷದ ಕ್ರಿಯಾಯೋಜನೆಯಲ್ಲೇ ಇದನ್ನು ಸೇರಿಸಬೇಕೆಂದು ಜಿಲ್ಲಾಡಳಿತವನ್ನೂ ಶಾಸಕರನ್ನೂ ಇಲ್ಲಿನ ಪೋಷಕರು ಕೇಳಬೇಕು.